ಕಾರಣ: ‘ಮನೆ ಬದಲಾವಣೆ’ – ಆಶ್ರಯಧಾಮಕ್ಕೆ ಬಂದ ಒಂದು ನಾಯಿಯ ಪ್ರಕರಣ

ನಮ್ಮ ಹಳೆಯ ಅರ್ಜಿಯ ನಾಲ್ಕನೆಯ ಸಾಲು ‘ಒಪ್ಪಿಸಲು ಕಾರಣ’ ಎಂದಿತ್ತು. ಅದರ ಮುಂದೆ ಎರಡು ಪದ ಹಿಡಿಸುವಷ್ಟು ಜಾಗ. ಆಕೆ ಅಲ್ಲಿ ‘ಮನೆ ಬದಲಾವಣೆ’ ಎಂದು ಬರೆದು ಪೆನ್ನನ್ನು ಮೇಜಿನ ಮೇಲಿಟ್ಟರು. ನಾಯಿ ಅವರ ಕಾಲ ಬುಡದಲ್ಲೇ ಕುಳಿತಿತ್ತು. ಆಕೆ ಅದರತ್ತ ನೋಡದೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡಿದ್ದರು. ಗಂಡ ಕಾರಿನಿಂದ ಇಳಿದಿರಲಿಲ್ಲ. ನಾಲ್ಕು ವರ್ಷದ ಮಗಳು ಹಿಂದಿನ ಸೀಟಿನಿಂದ ಗಾಜಿಗೆ ಮೂಗು ಒತ್ತಿಕೊಂಡು ಒಳಗೆ ಏನು ನಡೆಯುತ್ತಿದೆ ಎಂದು ನೋಡಲು ಪ್ರಯತ್ನಿಸುತ್ತಿದ್ದಳು.

ನಾನು ಪ್ರಾಣಿ ಆಶ್ರಯಧಾಮವೊಂದರಲ್ಲಿ, ಸಾಕಿದ ಪ್ರಾಣಿಯನ್ನು ಒಪ್ಪಿಸಲು ಬರುವವರೊಡನೆ ಮೊದಲು ಮಾತನಾಡುವ ಕೆಲಸದಲ್ಲಿದ್ದೇನೆ. ಅರ್ಜಿ ತುಂಬಿಸುವುದು, ಲಸಿಕೆಯ ಪುಸ್ತಕ ನೋಡುವುದು, ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆಯನ್ನು ಓದಿ ತಾಳೆ ನೋಡುವುದು, ಕೊನೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಈ ಪ್ರಕರಣವನ್ನು ಆ ಕುಟುಂಬದ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ನಾಯಿಯ ಹೆಸರನ್ನೂ ಬದಲಿಸಿದ್ದೇನೆ. ಇಲ್ಲಿ ಅದನ್ನು ಮುತ್ತು ಎಂದು ಕರೆಯುತ್ತೇನೆ. ಇಷ್ಟು ವಿವರವಾಗಿ ಬರೆಯಲು ಒಂದೇ ಕಾರಣ: ಆ ದಿನ ಆಕೆ ನಮ್ಮೆದುರು ಸುಳ್ಳು ಬರೆದರು, ಆ ಸುಳ್ಳಿಗೆ ದಾರಿ ಮಾಡಿಕೊಟ್ಟವರಲ್ಲಿ ನಾವೂ ಇದ್ದೆವು.

ಚಿಪ್‌ನಲ್ಲಿದ್ದ ಹೆಸರು

ಮುತ್ತು ಎಂಟು ವರ್ಷದ ಮಿಶ್ರತಳಿಯ ಗಂಡು ನಾಯಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು, ಮೈತೂಕ ಸರಿಯಾಗಿತ್ತು, ಲಸಿಕೆಯ ಪುಸ್ತಕದಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ಯಾರೋ ಬಹಳ ಅಕ್ಕರೆಯಿಂದ ಸಾಕಿದ ಪ್ರಾಣಿ ಎಂಬುದು ನೋಡಿದ ಕೂಡಲೇ ತಿಳಿಯುವಂತಿತ್ತು. ಹೆಗಲ ನಡುವೆ ಚರ್ಮದಡಿಯಿದ್ದ ಚಿಪ್ ಮೇಲೆ ಯಂತ್ರ ಹಿಡಿದಾಗ 15 ಅಂಕಿಗಳು ಮೂಡಿದವು. ನೋಂದಣಿಯಲ್ಲಿ ನೋಡಿದರೆ ಮಾಲೀಕರ ಹೆಸರು ಬೇರೆಯೇ ಇತ್ತು.

ಚಿಪ್‌ನ ಹೆಸರು ಮತ್ತು ಅರ್ಜಿಯ ಹೆಸರು ಬೇರೆಯಾದರೆ ನಾವು ಮುಂದುವರಿಯುವಂತಿಲ್ಲ. ಕದ್ದ ನಾಯಿಯಾಗಿರಬಹುದು, ತಪ್ಪಿಸಿಕೊಂಡ ನಾಯಿಯಾಗಿರಬಹುದು, ಗಂಡ ಹೆಂಡತಿಯರ ಜಗಳದಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ತಂದದ್ದೂ ಆಗಿರಬಹುದು. ಆ ಹೆಸರನ್ನು ಓದಿ, “ಇವರು ಯಾರು?” ಎಂದು ಕೇಳಿದೆ.

“ನಮ್ಮ ತಂದೆ” ಎಂದರು ಆಕೆ. ಅಷ್ಟು ಹೇಳಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಮುತ್ತು ಅವರದ್ದು. ಮರಿಯಾಗಿದ್ದಾಗಿನಿಂದ ಒಂಟಿ ಮನೆಯಲ್ಲಿ ಆ ವೃದ್ಧರ ಜತೆಗೇ ಬೆಳೆದಿತ್ತು. ಸಂಜೆ ಐದಕ್ಕೆ ಇಬ್ಬರೂ ನಡೆಯಲು ಹೊರಡುವುದು, ರಾತ್ರಿ ಒಂಬತ್ತಕ್ಕೆ ಮಂಚದ ಪಕ್ಕದ ಚಾಪೆಯಲ್ಲಿ ಅದು ಮಲಗುವುದು, ಇಷ್ಟೇ ಅದರ ಜಗತ್ತು. ಆಸ್ಪತ್ರೆಯಲ್ಲಿದ್ದಾಗ ತಂದೆ ಮಗಳ ಕೈ ಹಿಡಿದು, ನಾಯಿಯನ್ನು ನೋಡಿಕೋ ಎಂದಿದ್ದರು. ಆಕೆ ಆಗಲಿ ಎಂದಿದ್ದರು. ಕರೆದುಕೊಂಡು ಹೋದ ಮನೆಯಲ್ಲಿ ಇಬ್ಬರು ದೊಡ್ಡವರು, ಓಡಾಡುವ ಒಂದು ಮಗು, ಇಡೀ ದಿನ ಸದ್ದು. ಮೊದಲ ಎರಡು ತಿಂಗಳು ಮುತ್ತು ಸಂಜೆ ಐದಕ್ಕೆ ಬಾಗಿಲ ಬಳಿ ಹೋಗಿ ನಿಲ್ಲುತ್ತಿತ್ತಂತೆ.

ತಂದೆಗೆ ಕೊಟ್ಟ ಮಾತನ್ನು ಮುರಿಯಲು ಬಂದಿದ್ದೇನೆ ಎಂದು ಅಪರಿಚಿತರ ಎದುರು ಹೇಳಿಕೊಳ್ಳುವುದಕ್ಕಿಂತ ‘ಮನೆ ಬದಲಾವಣೆ’ ಎಂದು ಬರೆಯುವುದು ಸುಲಭ. ಅಮೆರಿಕದ 12 ಆಶ್ರಯಧಾಮಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ನಾಯಿಗಳನ್ನು ಒಪ್ಪಿಸುವವರು ಕೊಟ್ಟ ಕಾರಣಗಳ ಪೈಕಿ ಮನೆ ಬದಲಾವಣೆ ಮುಂಚೂಣಿಯಲ್ಲಿತ್ತು. ಅದರಲ್ಲಿ ಬಹುಪಾಲು ನಿಜವೇ ಇರಬೇಕು. ಬಾಡಿಗೆ ಮನೆಯ ಮಾಲೀಕರು ಒಪ್ಪದೆ ಕಣ್ಣೀರು ಹಾಕಿಕೊಂಡು ಬರುವವರನ್ನು ನಾನೇ ನೋಡುತ್ತಿರುತ್ತೇನೆ. ಆದರೆ ಯಾರೂ ಮರುಪ್ರಶ್ನೆ ಹಾಕದಂಥ, ಯಾರ ಮೇಲೂ ತಪ್ಪು ಬೀಳದಂಥ ಕಾರಣವೂ ಅದೇ. ಹಾಗಾಗಿ ಆ ಎರಡು ಪದಗಳ ಕೆಳಗೆ ಏನೆಲ್ಲ ಅಡಗಿರುತ್ತದೋ ಹೇಳಲಾಗದು.

ತಲೆ ವಾಲಿಸಿ ತಿನ್ನುವ ನಾಯಿ

ನಾನು ಅನುಮಾನಪಟ್ಟದ್ದು ಆಕೆಯ ಮಾತಿನಿಂದಲ್ಲ. ಮಾತನಾಡುತ್ತಲೇ ಮುತ್ತುವಿಗೆ ಒಣ ತಿನಿಸಿನ ನಾಲ್ಕು ಕಾಳು ಕೊಟ್ಟಿದ್ದೆ. ಅದು ಅಂಗೈಯಿಂದ ಮೃದುವಾಗಿ ತೆಗೆದುಕೊಂಡಿತು. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿ, ಎಡ ದವಡೆಯಿಂದ ಮಾತ್ರ ಜಗಿಯಿತು. ಒಂದು ಕಾಳು ಬಲಗಡೆಗೆ ಜಾರಿದಾಗ ಬಾಯಿ ಬಿಟ್ಟು ನೆಲಕ್ಕೆ ಬೀಳಿಸಿತು, ಮತ್ತೆ ಎತ್ತಿಕೊಂಡು ಎಡಗಡೆಗೇ ಸಾಗಿಸಿತು. ಬಲಗಣ್ಣಿನ ಕೆಳಗೆ ಚರ್ಮ ತುಸು ಉಬ್ಬಿದಂತಿತ್ತು. ಕಡುಗಂದು ರೋಮದ ನಡುವೆ ಅದು ಹುಡುಕಿದರಷ್ಟೇ ಕಾಣುವಂಥದ್ದು.

“ಇದಕ್ಕೆ ಮುಖ ಮುಟ್ಟಿಸಿಕೊಳ್ಳುವುದೆಂದರೆ ಹೇಗೆ?” ಎಂದು ಕೇಳಿದೆ.

ಆಕೆ ಬಹಳ ಹೊತ್ತು ಸುಮ್ಮನಿದ್ದರು. “ನಾನು ಹೇಳಿದರೆ ನೀವು ಇದನ್ನು ಕೊಂದುಬಿಡುತ್ತೀರಲ್ಲವೇ?” ಎಂದರು.

ಈ ಪ್ರಶ್ನೆಯನ್ನು ನಾನು ಮರೆಯಲಾರೆ. ಎದುರಿಗೆ ಕುಳಿತ ಆಕೆ ತನ್ನ ಮಾನ ಉಳಿಸಿಕೊಳ್ಳಲೆಂದಷ್ಟೇ ಸುಳ್ಳು ಬರೆದಿರಲಿಲ್ಲ. ನಿಜ ಹೇಳಿದರೆ ನಾಯಿಯ ಜೀವ ಹೋಗುತ್ತದೆ ಎಂದು ನಂಬಿದ್ದರು. ಅದಕ್ಕೇ ಬಚ್ಚಿಟ್ಟಿದ್ದರು. ಆ ಭಯಕ್ಕೆ ಬುಡವಿಲ್ಲ ಎಂದು ಹೇಳಲಾರೆ. ಕಚ್ಚಿದ ಇತಿಹಾಸವಿರುವ ನಾಯಿಗಳಿಗೆ ಅನೇಕ ಕಡೆ ಬಾಗಿಲು ಮುಚ್ಚುತ್ತದೆ ಎಂಬುದು ನಿಜ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. ನಾಯಿಯನ್ನು ಒಪ್ಪಿಸಲು ಬಂದ ಒಂದು ಗುಂಪಿಗೆ ನಿಮ್ಮ ಉತ್ತರ ಗೋಪ್ಯವಾಗಿರುತ್ತದೆ ಎಂದೂ, ಇನ್ನೊಂದು ಗುಂಪಿಗೆ ಉತ್ತರಗಳನ್ನು ಆಶ್ರಯಧಾಮದವರು ನೋಡುತ್ತಾರೆ ಎಂದೂ ತಿಳಿಸಲಾಗಿತ್ತು. ಪ್ರಶ್ನೆಗಳು ಅವೇ. ಗೋಪ್ಯ ಎಂದು ನಂಬಿದವರು ತಮ್ಮ ಮೇಲೆಯೇ ನಾಯಿ ತೋರುವ ಆಕ್ರಮಣಶೀಲತೆಯನ್ನೂ ಅಪರಿಚಿತರನ್ನು ಕಂಡರೆ ಅದಕ್ಕಿರುವ ಹೆದರಿಕೆಯನ್ನೂ ಹೆಚ್ಚು ಹೇಳಿದರು. ಕೇಳುವವರು ಯಾರು, ಕೇಳಿ ಏನು ಮಾಡುತ್ತಾರೆ ಎಂಬುದನ್ನು ನೋಡಿಕೊಂಡು ಜನ ನಿಜ ಹೇಳುತ್ತಾರೆ.

ನನ್ನಿಂದ ಕೊಡಲಾಗುವ ಭರವಸೆಯನ್ನಷ್ಟೇ ಕೊಟ್ಟೆ. ಪಶುವೈದ್ಯರು ನೋಡದೆ ಯಾವ ತೀರ್ಮಾನವೂ ಆಗುವುದಿಲ್ಲ, ತೀರ್ಮಾನ ಏನೇ ಆದರೂ ನಿಮಗೆ ತಿಳಿಸದೆ ಆಗುವುದಿಲ್ಲ, ಈ ದಿನ ನೀವು ಸಹಿ ಹಾಕುವ ಅಗತ್ಯವೂ ಇಲ್ಲ ಎಂದೆ. ಆಗ ಕಥೆ ಹೊರಬಂತು.

ಮೂರು ತಿಂಗಳ ಹಿಂದೆ ಮುತ್ತು ಮಗುವನ್ನು ನೋಡಿ ಗುರ್ರೆನ್ನಲು ಶುರುಮಾಡಿತ್ತು. ಮಲಗಿದ್ದಾಗ ಮಗು ಬಂದು ಕೊರಳು ತಬ್ಬಿಕೊಂಡರೆ ಗುರ್ರೆನ್ನುತ್ತಿತ್ತು. ಮನೆಯವರು ಪ್ರತಿ ಸಲವೂ ಗದರಿದರು. ಗಂಡ ಎರಡು ಬಾರಿ ಚಪ್ಪಲಿ ಎತ್ತಿದ್ದರಂತೆ. ಕೆಲವು ವಾರಗಳಲ್ಲಿ ಗುರ್ರೆನ್ನುವುದು ನಿಂತಿತು. ನಾಯಿಗೆ ಬುದ್ಧಿ ಬಂತು ಎಂದು ಎಲ್ಲರೂ ನೆಮ್ಮದಿಯಾದರು. ಆರು ದಿನಗಳ ಹಿಂದೆ ಮಗು ಅದರ ಎರಡೂ ಕೆನ್ನೆಗಳನ್ನು ಹಿಡಿದು ಮುದ್ದಿಸಲು ಹೋದಾಗ, ಯಾವ ಸದ್ದೂ ಇಲ್ಲದೆ ನಾಯಿ ಒಮ್ಮೆಲೇ ಬಾಯಿ ಹಾಕಿತು. ಮಗುವಿನ ಕೆನ್ನೆಯ ಮೇಲೆ ಹಲ್ಲು ತಾಗಿದ ಎರಡು ಗೀರು ಬಿದ್ದವು. ರಕ್ತ ಬಂದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಂಥ ಪ್ರಕರಣಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳುವ ಮಾತು “ಏನೂ ಸೂಚನೆ ಕೊಡದೆ ಕಚ್ಚಿತು” ಎಂಬುದು. ನಾಯಿ ಸೂಚನೆ ಕೊಡುತ್ತದೆ. ಮುಖ ತಿರುಗಿಸುತ್ತದೆ, ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆನೋಟ ಬೀರುತ್ತದೆ, ಮೈ ಬಿಗಿ ಹಿಡಿಯುತ್ತದೆ. ಇಷ್ಟಕ್ಕೂ ಎದುರಿನವರು ದೂರ ಸರಿಯದಿದ್ದರೆ ಗುರ್ರೆನ್ನುತ್ತದೆ. ಗುರ್ರೆನ್ನುವುದು ದೂರ ಹೋಗು ಎಂದು ಕೇಳಿಕೊಳ್ಳುವ ಮಾತು. ಅದನ್ನು ಬೈದು ಹೊಡೆದು ನಿಲ್ಲಿಸಿದರೆ ನಿಲ್ಲುವುದು ಸದ್ದು ಮಾತ್ರ. ಒಳಗಿನ ನೋವು, ಹೆದರಿಕೆ ಹಾಗೆಯೇ ಇರುತ್ತವೆ. ಮುತ್ತುವಿನ ಮನೆಯಲ್ಲಿ ಮೂರು ತಿಂಗಳು ನಡೆದದ್ದು ಇದೇ. ಅವರು ಕ್ರೂರಿಗಳಾಗಿರಲಿಲ್ಲ. ಮಗುವಿನ ಬಗ್ಗೆ ಹೆದರಿದ್ದರು, ಅಷ್ಟೆ. ನಾಯಿ ಗುರ್ರೆಂದರೆ ಗದರಬೇಕು ಎಂದೇ ನಮ್ಮಲ್ಲಿ ಬಹುಪಾಲು ಜನ ತಿಳಿದುಕೊಂಡಿರುವುದು.

ಹತ್ತು ದಿನಗಳ ಲೆಕ್ಕ

ಗೀರಿನ ವಿಷಯ ಕೇಳಿದ ಕೂಡಲೇ ನಾನು ಮೊದಲು ಕೇಳಿದ್ದು ನಾಯಿಯ ಬಗ್ಗೆ ಅಲ್ಲ, ಮಗುವಿನ ಬಗ್ಗೆ. ವೈದ್ಯರಿಗೆ ತೋರಿಸಿದಿರಾ? ತೋರಿಸಿರಲಿಲ್ಲ. ಸೋಪು ಹಾಕಿ ತೊಳೆದಿದ್ದರು. ನಾಯಿಗೆ ಲಸಿಕೆ ಆಗಿದೆಯಲ್ಲ ಎಂದು ಧೈರ್ಯವಾಗಿದ್ದರು. ವೈದ್ಯರ ಬಳಿ ಹೋದರೆ ವಿಷಯ ಹೊರಬೀಳುತ್ತದೆ ಎಂಬ ಅಂಜಿಕೆಯೂ ಇತ್ತು.

ರೇಬೀಸ್ ವಿಷಯದಲ್ಲಿ ಈ ಅಂಜಿಕೆಗೆ ಜಾಗವೇ ಇಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಮೂರು ವರ್ಗಗಳಲ್ಲಿ ರಕ್ತ ಬಾರದ ಸಣ್ಣ ಗೀರು ಎರಡನೆಯದಕ್ಕೆ ಸೇರುತ್ತದೆ. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯುವುದರ ಜತೆಗೆ ಲಸಿಕೆಯ ನಿರ್ಧಾರವನ್ನು ವೈದ್ಯರೇ ಮಾಡಬೇಕು. ಕಚ್ಚಿದ ನಾಯಿಯನ್ನು ಕಚ್ಚಿದ ದಿನದಿಂದ 10 ದಿನ ಕಣ್ಣಿಟ್ಟು ನೋಡುವ ಪದ್ಧತಿ ಇದೆ. ರೇಬೀಸ್ ವೈರಾಣು ನಾಯಿಯ ಜೊಲ್ಲಿಗೆ ಬಂದ ಮೇಲೆ ಅದು ಹೆಚ್ಚು ದಿನ ಆರೋಗ್ಯವಾಗಿರುವುದಿಲ್ಲ. ಆದ್ದರಿಂದ ಹತ್ತು ದಿನ ಕಳೆದೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದು ತಿಳಿಯಬಹುದು.

ಈಗ ಯೋಚಿಸಿ. ಆಕೆ ‘ಮನೆ ಬದಲಾವಣೆ’ ಎಂದಷ್ಟೇ ಬರೆದು ಸಹಿ ಹಾಕಿ ಹೋಗಿದ್ದರೆ, ನಾವು ಎರಡು ದಿನದಲ್ಲಿ ಮುತ್ತುವನ್ನು ಇನ್ನೊಂದು ಮಗುವಿರುವ ಮನೆಗೇ ಕಳುಹಿಸಬಹುದಿತ್ತು. ಶಾಂತ ಸ್ವಭಾವ, ಎಂಟು ವರ್ಷ, ಮಕ್ಕಳ ಜತೆ ಬೆಳೆದದ್ದು ಎಂದು ನಾವೇ ಬರೆಯುತ್ತಿದ್ದೆವು. ಹತ್ತು ದಿನದ ಲೆಕ್ಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಲಗೆನ್ನೆಯ ವಿಷಯವೂ ಗೊತ್ತಾಗುತ್ತಿರಲಿಲ್ಲ, ಇನ್ನೊಂದು ಮಗುವಿನ ಕೈ ಅದರ ಮೇಲೆ ಬೀಳುವವರೆಗೆ.

ಆ ಸಂಜೆಯೇ ಗಂಡ ಮಗುವನ್ನು ವೈದ್ಯರ ಬಳಿ ಕರೆದೊಯ್ದರು, ಲಸಿಕೆ ಆರಂಭವಾಯಿತು. ಉಳಿದ ನಾಲ್ಕು ದಿನ ಮುತ್ತು ನಮ್ಮಲ್ಲಿ ಪ್ರತ್ಯೇಕ ಕೋಣೆಯಲ್ಲಿ ಇರುವುದೆಂದು ನಿಶ್ಚಯಿಸಿದೆವು. ಒಪ್ಪಿಗೆ ಪತ್ರಕ್ಕೆ ಸಹಿ ಬೇಡ ಎಂದು ನಾನೇ ತಡೆದೆ. ಆ ಕಾಗದದ ಅರ್ಥವನ್ನು ಬಹಳ ಜನ ಸಹಿ ಹಾಕಿದ ಮೇಲೆ ಕೇಳುತ್ತಾರೆ. ಸಹಿ ಬಿದ್ದ ಗಳಿಗೆಯಿಂದ ಪ್ರಾಣಿಯ ಮೇಲೆ ನಿಮಗೆ ಹಕ್ಕಿಲ್ಲ. ಅದು ಯಾರ ಮನೆಗೆ ಹೋಗಬೇಕು, ಯಾವ ಚಿಕಿತ್ಸೆ ಪಡೆಯಬೇಕು ಎಂಬುದನ್ನು ಹೇಳುವಂತಿಲ್ಲ. ನಾಳೆ ಮನಸ್ಸು ಬದಲಾಯಿತು ಎಂದು ಬಂದರೂ ಅದು ನಿಮ್ಮದಾಗಿ ಹಿಂದಿರುಗದೆ ಇರಬಹುದು. ಇಂಥ ಕಾಗದಕ್ಕೆ ಕಣ್ಣೀರಿನ ನಡುವೆ ಅರ್ಧ ಗಂಟೆಯಲ್ಲಿ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ನಿಲುವು.

ಹೊರಡುವ ಮೊದಲು ಆಕೆ ಚೀಲದಿಂದ ಒಂದು ಹಳೆಯ ಚಾಪೆಯನ್ನು ತೆಗೆದುಕೊಟ್ಟರು. ಅಂಚು ಹರಿದಿತ್ತು, ಒಂದು ಮೂಲೆಯಲ್ಲಿ ನಾಯಿಯ ಮೈ ತಾಗಿ ತಾಗಿ ನುಣುಪಾಗಿತ್ತು. ತಂದೆಯ ಮಂಚದ ಪಕ್ಕ ಇರುತ್ತಿದ್ದದ್ದು ಅದೇ.

ಹಲ್ಲು

ಮೊದಲ ಎರಡು ದಿನ ಮುತ್ತು ಸರಿಯಾಗಿ ತಿನ್ನಲಿಲ್ಲ. ಕೋಣೆಯ ಮೂಲೆಗೆ ಬೆನ್ನು ಹಾಕಿ, ಚಾಪೆಯ ಮೇಲೆ ಮುದುರಿಕೊಂಡು, ಬಾಗಿಲನ್ನೇ ನೋಡುತ್ತಿತ್ತು. ಇದು ಮುತ್ತುವೊಂದರದೇ ಪಾಡಲ್ಲ. ಆಶ್ರಯಧಾಮಕ್ಕೆ ಬಂದ ನಾಯಿಗಳ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಮೊದಲ ಮೂರು ದಿನ ಅತಿ ಹೆಚ್ಚಾಗಿರುತ್ತದೆ ಎಂಬುದನ್ನು 1997ರಲ್ಲೇ ಅಳೆದು ತೋರಿಸಿದ್ದಾರೆ. ನಾವು ಎಷ್ಟೇ ಚೊಕ್ಕಟವಾಗಿಟ್ಟರೂ, ಎಷ್ಟೇ ಪ್ರೀತಿ ತೋರಿದರೂ, ಮನೆಯಿಂದ ಬಂದ ಪ್ರಾಣಿಗೆ ಆಶ್ರಯಧಾಮವೆಂದರೆ ಅಪರಿಚಿತ ವಾಸನೆ ಮತ್ತು ನಿಲ್ಲದ ಬೊಗಳುವಿಕೆ. ಆದ್ದರಿಂದಲೇ ಆ ದಿನಗಳಲ್ಲಿ ಕಂಡ ನಡವಳಿಕೆಯನ್ನು ಹಿಡಿದುಕೊಂಡು ನಾಯಿಯ ಸ್ವಭಾವವನ್ನು ಅಳೆಯಬಾರದು ಎಂದು ನಮ್ಮ ಹೊಸ ಸಿಬ್ಬಂದಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಪಶುವೈದ್ಯರು ಬಾಯಿಕುಕ್ಕೆ ಹಾಕಿ ಬಲತುಟಿಯನ್ನು ಮೇಲೆತ್ತಿ ನೋಡಿದರು. ಬಲಗಡೆಯ ಮೇಲ್ದವಡೆಯಲ್ಲಿ ದೊಡ್ಡ ಹಲ್ಲೊಂದು ಹೊರಮೈಯಿಂದ ಚಕ್ಕೆಯಂತೆ ಸೀಳಿತ್ತು, ಸೀಳಿದ ಜಾಗದಲ್ಲಿ ಕಪ್ಪು ಚುಕ್ಕೆ. ನಾಯಿಗೆ 42 ಹಲ್ಲುಗಳಿರುತ್ತವೆ. ಮಾಂಸ ಕತ್ತರಿಸಲು ಬಳಸುವ ಈ ಹಲ್ಲು ಅವುಗಳಲ್ಲಿ ದೊಡ್ಡವುಗಳ ಪೈಕಿ ಒಂದು. ಅದಕ್ಕೆ ಮೂರು ಬೇರುಗಳು. ಬೇರಿನ ತುದಿ ಕಣ್ಣಿನ ಕೆಳಗೇ ಇರುತ್ತದೆ. ಗಟ್ಟಿ ಮೂಳೆ, ಕಲ್ಲು, ಕೊಂಬಿನ ತುಂಡು ಕಡಿದಾಗ ಮುರಿಯುವುದು ಸಾಮಾನ್ಯವಾಗಿ ಇದೇ ಹಲ್ಲು. ಒಳಗಿನ ಜೀವತಿರುಳು ತೆರೆದುಕೊಂಡರೆ ಸೋಂಕು ಬೇರಿನವರೆಗೆ ಇಳಿಯುತ್ತದೆ, ಕೀವು ಕಟ್ಟುತ್ತದೆ, ಕಣ್ಣಿನ ಕೆಳಗೆ ಊತ ಕಾಣಿಸಿಕೊಳ್ಳುತ್ತದೆ. ಎಷ್ಟೋ ಬಾರಿ ಅದನ್ನು ಕಣ್ಣಿನ ತೊಂದರೆ ಎಂದು ತಿಳಿದು ಮುಲಾಮು ಹಚ್ಚುತ್ತಾರೆ.

ಇಷ್ಟು ನೋವಿದ್ದರೂ ನಾಯಿ ಊಟ ಬಿಡುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಇನ್ನೊಂದು ಬದಿಯಿಂದ ತಿನ್ನುತ್ತದೆ, ಬಾಲ ಅಲ್ಲಾಡಿಸುತ್ತದೆ, ಬಾಗಿಲಿಗೆ ಓಡಿಬರುತ್ತದೆ. ಆದ್ದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ನಡವಳಿಕೆಯ ತೊಂದರೆಯೆಂದು ತಜ್ಞರ ಬಳಿಗೆ ಬರುವ ನಾಯಿ, ಬೆಕ್ಕುಗಳ ಪ್ರಕರಣಗಳಲ್ಲಿ ಕಡಿಮೆಯೆಂದರೂ ಮೂರನೆಯ ಒಂದರಷ್ಟರಲ್ಲಿ ಯಾವುದೋ ಒಂದು ನೋವಿನ ಪಾಲಿರುತ್ತದೆ ಎಂದು 2020ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಲೇಖನದಲ್ಲಿ ಈ ಕ್ಷೇತ್ರದ ಪಶುವೈದ್ಯರು ಅಂದಾಜು ಮಾಡಿದ್ದಾರೆ. ಸ್ವಭಾವ ಇದ್ದಕ್ಕಿದ್ದಂತೆ ಕೆಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ಈಗ ಮೊದಲು ಕೇಳುವುದು ಹಲ್ಲು, ಕಿವಿ, ಸೊಂಟದ ಬಗ್ಗೆ.

ಅವಲೋಕನದ ಅವಧಿ ಮುಗಿಯುವವರೆಗೆ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರು ರಕ್ತ ಪರೀಕ್ಷೆ ಮಾಡಿ, ನೋವು ನಿವಾರಕ ಮತ್ತು ಪ್ರತಿಜೀವಕ ಕೊಟ್ಟರು. ಹತ್ತನೆಯ ದಿನ ಮುತ್ತು ಆರೋಗ್ಯವಾಗಿಯೇ ಇತ್ತು. ಮರುದಿನ ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು, ಹಲ್ಲನ್ನು ಮೂರು ಭಾಗ ಮಾಡಿ ಒಂದೊಂದೇ ಬೇರಿನೊಡನೆ ಕಿತ್ತರು. ಎರಡು ಬೇರುಗಳ ತುದಿಯಲ್ಲಿ ಮೂಳೆ ಕರಗಿಹೋಗಿತ್ತು. ತಿಂಗಳುಗಟ್ಟಲೆಯ ನೋವು ಇದು ಎಂದರು ವೈದ್ಯರು.

ವಾಪಸ್ ಕೊಡಬೇಕಿತ್ತೇ?

ಇಲ್ಲಿಯವರೆಗಿನ ಕಥೆಯನ್ನು ಕೇಳಿದವರೆಲ್ಲ, ಹಾಗಾದರೆ ಹಲ್ಲು ಕಿತ್ತ ಮೇಲೆ ಎಲ್ಲ ಸರಿಯಾಯಿತು, ನಾಯಿ ಮನೆಗೆ ಹೋಯಿತು ಎಂದುಕೊಳ್ಳುತ್ತಾರೆ. ನಮ್ಮ ಸಿಬ್ಬಂದಿಯಲ್ಲೂ ಅದೇ ಆಸೆಯಿತ್ತು. ನಾನೂ ಮನಸ್ಸಿನಲ್ಲಿ ಅದನ್ನೇ ಬಯಸಿದ್ದೆ.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಎರಡು ಗಂಟೆ ಮಾತನಾಡಿದೆವು. ವೈದ್ಯರು ಹಲ್ಲಿನ ಎಕ್ಸ್‌ರೇ ತೋರಿಸಿದರು. ಗಂಡ ಅದನ್ನು ಬಹಳ ಹೊತ್ತು ನೋಡುತ್ತಾ ಕುಳಿತರು. “ನಾನು ಇದಕ್ಕೆ ಚಪ್ಪಲಿ ಎತ್ತಿದ್ದೆ” ಎಂದರು. ಮೊದಲ ದಿನ ಕಾರಿನಿಂದ ಇಳಿಯದಿದ್ದವರು ಇವರೇ. ಇಂಥ ನಾಯಿಗೆ ದಯಾಮರಣವೇ ಮೇಲಲ್ಲವೇ ಎಂದು ಫೋನಿನಲ್ಲಿ ಕೇಳಿದ್ದವರೂ ಇವರೇ. ಗುಣವಾಗುವ ನೋವಿಗೆ ನಾನು ಆ ಸೂಜಿ ಹಿಡಿಯುವುದಿಲ್ಲ ಎಂದು ವೈದ್ಯರು ಅಂದೇ ಹೇಳಿದ್ದರು.

ಮನೆಗೆ ಕರೆದೊಯ್ಯುವುದಾದರೆ ಏನು ಬೇಕು ಎಂಬುದನ್ನು ಬಿಡಿಸಿ ಹೇಳಿದೆವು. ಮಗು ಹೋಗಲಾಗದಂಥ ಜಾಗವೊಂದು ನಾಯಿಗೆ ಬೇಕು, ನಡುವೆ ಗಟ್ಟಿಯಾದ ಅಡ್ಡಗೇಟು ಬೇಕು. ಇಬ್ಬರೂ ಒಂದೇ ಕೋಣೆಯಲ್ಲಿರುವಾಗ ದೊಡ್ಡವರೊಬ್ಬರ ಕಣ್ಣು ಸದಾ ಅವರ ಮೇಲಿರಬೇಕು. ಒಂದೇ ಮನೆಯಲ್ಲಿ ಇರುವುದು ಬೇರೆ, ಕಣ್ಣಿಟ್ಟು ನೋಡುವುದು ಬೇರೆ. ಮಕ್ಕಳಿಗೆ ಆಗುವ ಕಡಿತಗಳಲ್ಲಿ ಹೆಚ್ಚಿನವು ಪರಿಚಯದ ನಾಯಿಯಿಂದಲೇ ಆಗುತ್ತವೆ, ಎಳೆಯ ಮಕ್ಕಳಿಗೆ ಮುಖ ಮತ್ತು ತಲೆಗೇ ಬೀಳುತ್ತವೆ. ನೋವು ಹೋದರೂ, ಆ ಪುಟ್ಟ ಕೈಗಳು ಬಂದರೆ ನೋವಾಗುತ್ತದೆ ಎಂದು ಮೂರು ತಿಂಗಳಲ್ಲಿ ಮುತ್ತು ಕಲಿತದ್ದು ಅಳಿಸಿಹೋಗಲು ಬಹಳ ದಿನ ಬೇಕು. ಬಾಯಿ ಹಾಕುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು ಎಂದು ವೈದ್ಯರು ನೇರವಾಗಿಯೇ ಹೇಳಿದರು.

ಆಕೆ ಹೇಳಿದ್ದು ಇಷ್ಟು: “ಆ ದಿನದಿಂದ ನಾನು ನಿದ್ದೆ ಮಾಡಿಲ್ಲ. ಇದರ ಹಲ್ಲು ನೋಯುತ್ತಿತ್ತು ಎಂದು ಈಗ ಗೊತ್ತಾಗಿದೆ. ಆದರೂ ಮಗಳು ಇದರ ಹತ್ತಿರ ಹೋದರೆ ನನ್ನ ಕೈ ನಡುಗುತ್ತದೆ. ಅದು ಇದಕ್ಕೂ ಗೊತ್ತಾಗುತ್ತದೆ.”

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ತಂದೆಗೆ ಕೊಟ್ಟ ಮಾತಿನ ಬಗ್ಗೆ ಆಕೆಯೇ ಎತ್ತಿದರು. ನನಗೆ ಅನ್ನಿಸಿದ್ದನ್ನು ಹೇಳಿದೆ: ತಂದೆ ಕೇಳಿದ್ದು ನಾಯಿಯನ್ನು ನೋಡಿಕೊಳ್ಳಲು. ಅದು ನಿಮ್ಮ ಮನೆಯಲ್ಲೇ ಇರಬೇಕು ಎಂದು ಅವರು ಕೇಳಲಿಲ್ಲ. ಇದನ್ನು ಸಮಾಧಾನಕ್ಕೆಂದು ಹೇಳಿದ ಮಾತೆಂದು ಯಾರಾದರೂ ತಿಳಿದರೆ ತಪ್ಪು. ಒಂದು ಪ್ರಾಣಿಯನ್ನು ಹೆದರಿಕೆಯಲ್ಲಿ ಇಟ್ಟುಕೊಂಡು ಮಾತು ಉಳಿಸಿದೆ ಎಂದುಕೊಳ್ಳುವುದಕ್ಕಿಂತ, ಅದಕ್ಕೆ ತಕ್ಕ ಮನೆ ಹುಡುಕಿಸಿ ಒಪ್ಪಿಸುವುದೇ ನೋಡಿಕೊಳ್ಳುವುದು ಎಂದು ನಾನು ನಂಬುತ್ತೇನೆ. ಹದಿನಾಲ್ಕನೆಯ ದಿನ ಇಬ್ಬರೂ ಓದಿ, ಅರ್ಥ ಮಾಡಿಕೊಂಡು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಮಗುವಿಗೆ ಏನು ಹೇಳುವುದು ಎಂದು ಕೇಳಿದಾಗ, ಓಡಿಹೋಯಿತು ಎಂದಾಗಲಿ, ತೋಟಕ್ಕೆ ಹೋಗಿದೆ ಎಂದಾಗಲಿ ಹೇಳಬೇಡಿ ಎಂದೆ. ತನ್ನಿಂದಾಗಿಯೇ ಹೋಯಿತು ಎಂದು ಮಕ್ಕಳು ಒಳಗೊಳಗೇ ಲೆಕ್ಕ ಹಾಕಿಕೊಂಡಿರುತ್ತಾರೆ. ಮುತ್ತುವಿಗೆ ಹಲ್ಲು ನೋಯುತ್ತಿತ್ತು, ಡಾಕ್ಟರು ತೆಗೆದರು, ಈಗ ಗಲಾಟೆಯಿಲ್ಲದ ಮನೆಯೊಂದು ಅದಕ್ಕೆ ಬೇಕು, ನಿನ್ನ ತಪ್ಪೇನೂ ಇಲ್ಲ ಎಂದು ತಾಯಿ ಹೇಳಿದರಂತೆ. ಹಾಗಾದರೆ ಆ ಹಲ್ಲು ಯಾರ ಹತ್ತಿರ ಇದೆ ಎಂದು ಮಗು ಕೇಳಿತಂತೆ.

ಮುಂದೆ

ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮುತ್ತುವನ್ನು ನಮ್ಮ ಸ್ವಯಂಸೇವಕರೊಬ್ಬರು ತಾತ್ಕಾಲಿಕವಾಗಿ ತಮ್ಮ ಮನೆಯಲ್ಲಿ ಇರಿಸಿಕೊಂಡಿದ್ದರು. ಆಶ್ರಯಧಾಮದ ನಾಯಿಗಳನ್ನು ಒಂದೆರಡು ರಾತ್ರಿ ಮನೆಗೆ ಕರೆದೊಯ್ದರೂ ಕಾರ್ಟಿಸೋಲ್ ಇಳಿಯುತ್ತದೆ, ವಾಪಸ್ ತಂದರೆ ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ ಎಂಬುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನನ್ನ ಅನುಭವಕ್ಕೂ ಇದು ಹೊಂದುತ್ತದೆ. ಎಂಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ನಾಯಿಗೆ ಸಿಮೆಂಟಿನ ಕೋಣೆಗಿಂತ ಯಾರದ್ದಾದರೂ ಮಂಚದ ಪಕ್ಕವೇ ಮೇಲು.

ದತ್ತು ಕೊಡಲು ಬರೆದ ಟಿಪ್ಪಣಿಯಲ್ಲಿ ಎಲ್ಲವನ್ನೂ ಬರೆದೆವು: ಬಾಯಿ ಹಾಕಿದ್ದು, ಯಾರಿಗೆ, ಯಾವಾಗ, ಎಂಥ ಗೀರು, ಹಲ್ಲಿನ ಎಕ್ಸ್‌ರೇ, ಚಿಕ್ಕ ಮಕ್ಕಳಿರುವ ಮನೆಗೆ ಕೊಡುವುದಿಲ್ಲ ಎಂಬುದು. ಇಷ್ಟು ಬರೆದರೆ ಯಾರೂ ಬರುವುದಿಲ್ಲ ಎಂದು ಸಿಬ್ಬಂದಿಯೊಬ್ಬರು ಅಳುಕಿದರು. ಐದು ವಾರ ನಿಜವಾಗಿಯೂ ಯಾರೂ ಬರಲಿಲ್ಲ. ಏಳನೆಯ ವಾರ, ಮಕ್ಕಳು ದೊಡ್ಡವರಾಗಿ ಬೇರೆ ಮನೆ ಮಾಡಿಕೊಂಡಿದ್ದ ದಂಪತಿ ಬಂದರು. ಟಿಪ್ಪಣಿಯನ್ನು ಎರಡು ಸಲ ಓದಿದರು. ನೀವು ಇಷ್ಟೆಲ್ಲ ಹೇಳಿದ್ದರಿಂದಲೇ ಧೈರ್ಯ ಬಂತು ಎಂದರು. ಚಿಪ್‌ನ ನೋಂದಣಿಯಲ್ಲಿ ತೀರಿಹೋದ ಆ ಹಿರಿಯರ ಹೆಸರು ಹೋಗಿ ಹೊಸ ಹೆಸರು ಬಂದದ್ದು ಆ ದಿನ.

ನಮ್ಮ ಅರ್ಜಿಯನ್ನು ಅದೇ ತಿಂಗಳು ಬದಲಿಸಿದೆವು. ‘ಒಪ್ಪಿಸಲು ಕಾರಣ’ ಎಂಬ ಸಾಲು ಈಗ ಅದರಲ್ಲಿ ಇಲ್ಲ. ಅದರ ಜಾಗದಲ್ಲಿ ಪ್ರಶ್ನೆಗಳಿವೆ. ಇದಕ್ಕೆ ಎಲ್ಲಿ ಮುಟ್ಟಿದರೆ ಇಷ್ಟ, ಎಲ್ಲಿ ಮುಟ್ಟಿದರೆ ಇಷ್ಟವಿಲ್ಲ? ಯಾವುದರಿಂದ ಹೆದರುತ್ತದೆ? ಕಳೆದ ಆರು ತಿಂಗಳಲ್ಲಿ ಏನು ಬದಲಾಯಿತು, ಇದರಲ್ಲೂ, ಮನೆಯಲ್ಲೂ? ಯಾರ ಮೇಲಾದರೂ ಬಾಯಿ ಹಾಕಿದೆಯೇ, ಆಗ ಸುತ್ತ ಏನು ನಡೆಯುತ್ತಿತ್ತು? ಇದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಲು ನಮ್ಮಿಂದ ಏನಾದರೂ ಆಗಬಹುದೇ? ಮೇಲ್ಭಾಗದಲ್ಲಿ, ನಿಜ ಬರೆದದ್ದಕ್ಕಾಗಿ ಇಲ್ಲಿ ಯಾವ ಪ್ರಾಣಿಯನ್ನೂ ವೈದ್ಯರ ಪರೀಕ್ಷೆಯಿಲ್ಲದೆ ಕೊಲ್ಲುವುದಿಲ್ಲ ಎಂಬ ಒಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿದ್ದೇವೆ. ಹೀಗೆ ಬರೆದುಕೊಳ್ಳಬೇಕಾಗಿ ಬಂತಲ್ಲ ಎಂದು ನಾಚಿಕೆಯಾಗುತ್ತದೆ. ಆದರೂ ಅದನ್ನು ಓದಿದ ಮೇಲೆ ಪೆನ್ನು ಕೆಳಗಿಟ್ಟು ಬಾಯಿಬಿಟ್ಟು ಮಾತನಾಡಲು ಶುರುಮಾಡಿದವರನ್ನು ನೋಡಿದ್ದೇನೆ. ಕೊನೆಯ ಪ್ರಶ್ನೆಯನ್ನು ಓದಿ ಪ್ರಾಣಿಯನ್ನು ಮತ್ತೆ ಕರೆದುಕೊಂಡು ಹೋದವರೂ ಇದ್ದಾರೆ. ಒಬ್ಬರಿಗೆ ಬೇಕಿದ್ದದ್ದು ಎರಡು ವಾರ ನಾಯಿಯನ್ನು ನೋಡಿಕೊಳ್ಳುವ ಒಂದು ಜಾಗ ಮಾತ್ರ.

ಆರು ತಿಂಗಳ ನಂತರ ನಾನು ಮುತ್ತುವಿನ ಹೊಸ ಮನೆಗೆ ಹೋಗಿದ್ದೆ. ಹರಿದ ಚಾಪೆ ಅಲ್ಲೇ ಇತ್ತು, ಅಂಚಿಗೆ ಯಾರೋ ಬಟ್ಟೆ ಸೇರಿಸಿ ಹೊಲಿದಿದ್ದರು. ಕಣ್ಣಿನ ಕೆಳಗಿನ ಊತ ಪೂರ್ತಿ ಇಳಿದಿತ್ತು, ವಸಡು ಕೂಡಿಕೊಂಡಿತ್ತು, ವೈದ್ಯರು ಎರಡು ಬಾರಿ ನೋಡಿ ಎಲ್ಲ ಸರಿಯಿದೆ ಎಂದಿದ್ದರು. ಮನೆಯೊಡತಿ ಬಟ್ಟಲಿಗೆ ತಿನಿಸು ಹಾಕಿದರು. ಮುತ್ತು ಬಾಲ ಅಲ್ಲಾಡಿಸುತ್ತಾ ಬಂದು ಬಾಯಿ ತುಂಬ ತೆಗೆದುಕೊಂಡಿತು. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿ, ಎಡ ದವಡೆಯಿಂದ ಜಗಿಯತೊಡಗಿತು.